ಎಂಜಿನಿನ ಎಣ್ಣೆಯುಸಿರು ಎಲ್ಲಿಗೆ ಹೋಗಬೇಕು?

ಮೋಟಾರು ಬಂಡಿಯ ಹೊಗೆಯ ಮಾತು ಬಂದಾಗ ನಮ್ಮೆಲ್ಲರ ಕಣ್ಣೂ ಸಹಜವಾಗಿ ಅದರ ಹಿಂಬದಿಯ ಹೊಗೆಕೊಳವೆಯ ಕಡೆಗೆ ಹೊರಳುತ್ತದೆ. ಅದೇ ಬಂಡಿಯ ಎಂಜಿನಿಗೆ ಮತ್ತೊಂದು ಉಸಿರೂ ಉಂಟೆಂಬುದು ಹಲವರಿಗೆ ತಿಳಿಯದು. ಎಂಜಿನಿನ ಹೊಟ್ಟೆಯೊಳಗೆ ಹುಟ್ಟಿ, ಎಣ್ಣೆಯ ಮಂಜನ್ನೂ ನೀರಿನ ಆವಿಯನ್ನೂ ಉರಿಯದ ಪೆಟ್ರೋಲನ್ನೂ ಹೊತ್ತು, ಒಂದು ಸಣ್ಣ ರಬ್ಬರು ನಳಿಗೆಯ ಮೂಲಕ ಹೊರಬರುವ ಈ ಉಸಿರು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆ ಮೇಲುನೋಟಕ್ಕೆ ಗ್ಯಾರೇಜಿನ ಮಂದಿಗೆ ಮಾತ್ರ ಸಂಬಂಧಪಟ್ಟದ್ದೆಂದು ತೋರಬಹುದು. ಆದರೆ ಎಂಜಿನಿನ ಆಯುಸ್ಸೂ ನಾವು ಸೇವಿಸುವ ಗಾಳಿಯ ಗುಣವೂ ಅದಕ್ಕೆ ಕೊಡುವ ಉತ್ತರವನ್ನು ಅವಲಂಬಿಸಿವೆ.

ಸೂಪರ್‌ಚಾರ್ಜರ್ ಇರುವ ಕಾರುಗಳಿಗೆ ‘ಆಯಿಲ್ ಕ್ಯಾಚ್ ಕ್ಯಾನ್’ ಎಂಬ, ಎಣ್ಣೆಯನ್ನು ಹಿಡಿದಿಡುವ ಡಬ್ಬಿಯೊಂದನ್ನು ಜೋಡಿಸುವ ವಾಡಿಕೆ ಹವ್ಯಾಸಿಗಳಲ್ಲಿ ಹಬ್ಬಿದೆ. ಅದಿಲ್ಲದೆ ಎಂಜಿನೇ ಬಾಳದೆಂದು ಕೆಲವರು ಸಾರುತ್ತಾರೆ. ಅದೊಂದು ಹೊಳಪಿನ ಆಟಿಕೆಯೆಂದು ಮತ್ತೆ ಕೆಲವರು ತಳ್ಳಿಹಾಕುತ್ತಾರೆ. ಈ ಎರಡು ಮಾತುಗಳೂ ಪೂರ್ತಿಯಾಗಿ ನಿಜವಲ್ಲ. ಗಾಳಿಯನ್ನು ಒತ್ತಿ ತುಂಬುವ ಎಂಜಿನಿಗೆ ಅಂತಹ ಡಬ್ಬಿಯಿಂದ ನಿಜವಾದ ಪ್ರಯೋಜನವುಂಟು; ಆದರೆ ಅದರೊಳಗೆ ಎಣ್ಣೆಯನ್ನು ಬೇರ್ಪಡಿಸುವ ಏರ್ಪಾಡು ಇರಬೇಕು, ಅದರಿಂದ ಹೊರಡುವ ಅನಿಲವು ಮರಳಿ ಎಂಜಿನಿಗೇ ಹೋಗಬೇಕು, ಅದನ್ನು ತಪ್ಪದೆ ಬರಿದುಮಾಡುವ ಶಿಸ್ತು ಒಡೆಯನಲ್ಲಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಡಬ್ಬಿಯಿಂದ ಒಳಿತಿಗಿಂತ ಕೆಡುಕೇ ಹೆಚ್ಚೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಆಧಾರಗಳನ್ನು ಕ್ರಮವಾಗಿ ನೋಡೋಣ.

ಎಂಜಿನಿನ ಸಿಲಿಂಡರಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಅದು ಸಿಲಿಂಡರಿನ ಗೋಡೆಗೆ ಬಿಗಿಯಾಗಿ ಅಂಟಿಕೊಂಡಿದ್ದರೆ ಚಲಿಸಲಾರದು. ತೀರ ಸಡಿಲವಾಗಿದ್ದರೆ ಉರಿಯ ಒತ್ತಡವೆಲ್ಲ ಕೆಳಗೆ ಸೋರಿಹೋಗುವುದು. ಈ ತೊಡಕಿಗೆ ಪರಿಹಾರವಾಗಿ ಪಿಸ್ಟನಿನ ಸುತ್ತಲೂ ಸ್ಥಿತಿಸ್ಥಾಪಕತೆಯುಳ್ಳ ಲೋಹದ ರಿಂಗುಗಳನ್ನು ತೊಡಿಸಿರುತ್ತಾರೆ. ಆದರೆ ರಿಂಗು ಪೂರ್ಣವಾದ ಬಳೆಯಲ್ಲ. ಕಾದಾಗ ಹಿಗ್ಗುವುದಕ್ಕೆ ಎಡೆಯಿರಲೆಂದು ಅದರ ಎರಡು ತುದಿಗಳ ನಡುವೆ ಸಣ್ಣ ಸಂದನ್ನು ಬಿಟ್ಟಿರುತ್ತದೆ. ಅನಿಲಕ್ಕೆ ಅಷ್ಟು ಹಾದಿ ಸಾಕು. ಪಿಸ್ಟನ್ ಮೇಲೇರಿ ಗಾಳಿಯನ್ನೂ ಪೆಟ್ರೋಲಿನ ಆವಿಯನ್ನೂ ಅದುಮುವಾಗ, ಅನಂತರ ಅವು ಹೊತ್ತಿಕೊಂಡು ಒತ್ತಡವು ಹತ್ತಾರು ಪಟ್ಟು ಏರಿದಾಗ, ಆ ಸಂದಿನ ಮೂಲಕ ಒಂದಿಷ್ಟು ಅನಿಲ ಕೆಳಗಿನ ಕ್ರ್ಯಾಂಕ್ ಕೇಸಿಗೆ ನುಸುಳುತ್ತದೆ. ಇದನ್ನು ನಾವು ನುಸುಳು ಅನಿಲವೆಂದು ಕರೆಯೋಣ. ಹೊಸ ಎಂಜಿನಿನಲ್ಲಿ ಇದು ಕಡಿಮೆ, ಸವೆದ ಎಂಜಿನಿನಲ್ಲಿ ಹೆಚ್ಚು. ಆದರೆ ಇದು ಒಂದಿಷ್ಟೂ ಇಲ್ಲದ ಪಿಸ್ಟನ್ ಎಂಜಿನನ್ನು ಯಾರೂ ಕಟ್ಟಿಲ್ಲ.

ಕ್ರ್ಯಾಂಕ್ ಕೇಸೆಂದರೆ ಎಣ್ಣೆಯ ಮನೆ. ಅಲ್ಲಿ ಕ್ರ್ಯಾಂಕ್ ದಂಡವು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತ ಬಿಸಿ ಎಣ್ಣೆಯನ್ನು ಕಡೆಗೋಲಿನಂತೆ ಕಡೆದು ಸಿಡಿಸುತ್ತಿರುತ್ತದೆ. ಎಣ್ಣೆಯ ಹನಿಗಳು ಗಾಳಿಯಲ್ಲಿ ಮಂಜಾಗಿ ತೇಲುತ್ತವೆ. ನುಸುಳಿ ಬಂದ ಅನಿಲದಲ್ಲಿ ನೀರಿನ ಆವಿಯೂ ಇರುತ್ತದೆ. ಒಂದು ಲೀಟರು ಪೆಟ್ರೋಲು ಉರಿದರೆ ಹೆಚ್ಚುಕಡಮೆ ಒಂದು ಲೀಟರಿನಷ್ಟೇ ನೀರು ಹುಟ್ಟುವುದೆಂಬುದನ್ನು ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಸಮೀಕರಣ ಬರೆದು ತಾವೇ ಪರೀಕ್ಷಿಸಿಕೊಳ್ಳಬಹುದು. ಈ ಆವಿ, ಉರಿಯದ ಪೆಟ್ರೋಲು, ಸಾರಜನಕದ ಆಕ್ಸೈಡುಗಳು ಎಲ್ಲವೂ ಎಣ್ಣೆಯ ಮಂಜಿನೊಡನೆ ಬೆರೆಯುತ್ತವೆ. ಇವನ್ನು ಹೊರಕ್ಕೆ ಬಿಡದೆ ಮುಚ್ಚಿಟ್ಟರೆ ಒಳಗಿನ ಒತ್ತಡ ಏರಿ ಎಣ್ಣೆಯ ಸೀಲುಗಳು ಕಿತ್ತುಬರುವುವು. ನೀರೂ ಆಮ್ಲಗಳೂ ಎಣ್ಣೆಯನ್ನು ಕೆಡಿಸಿ ಕೆಸರು ಮಾಡುವುವು. ಆದುದರಿಂದ ಎಂಜಿನಿನ ಹೊಟ್ಟೆ ಉಸಿರಾಡಲೇಬೇಕು.

ಬಹುಕಾಲ ಈ ಉಸಿರನ್ನು ಬೀದಿಗೆ ಬಿಡುವುದೇ ಪದ್ಧತಿಯಾಗಿದ್ದಿತು. ಕ್ರ್ಯಾಂಕ್ ಕೇಸಿನಿಂದ ಒಂದು ಬಾಗಿದ ಕೊಳವೆಯನ್ನು ನೆಲದ ಕಡೆಗೆ ಇಳಿಬಿಟ್ಟಿದ್ದರು. ಬಂಡಿ ಓಡುವಾಗ ಕೆಳಗಿನ ಗಾಳಿಯ ಸೆಳೆತಕ್ಕೆ ಒಳಗಿನ ಅನಿಲ ಹೊರಬೀಳುತ್ತಿದ್ದಿತು. ಎಂಜಿನಿಗೆ ಇದರಿಂದ ಸುಖ. ಬೀದಿಯವರ ವಿಚಾರವನ್ನು ಯಾರೂ ಕೇಳಲಿಲ್ಲ. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ 1943ರ ಬೇಸಗೆಯಲ್ಲಿ ಕಣ್ಣುರಿಸುವ ಮಬ್ಬು ಕವಿದಾಗ ಜನ ಅದಕ್ಕೆ ಬೇರೆ ಬೇರೆ ಕಾರಣಗಳನ್ನು ಊಹಿಸಿದರು. ಹಾಲೆಂಡಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯದ ತಾಂತ್ರಿಕ ವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಹಾಗನ್-ಸ್ಮಿಟ್ ಎಂಬ ಜೀವರಸಾಯನಜ್ಞರು, ಉರಿಯದ ಹೈಡ್ರೊಕಾರ್ಬನ್ನುಗಳೂ ಸಾರಜನಕದ ಆಕ್ಸೈಡುಗಳೂ ಬಿಸಿಲಿನಲ್ಲಿ ಸಂಯೋಗವಾಗಿ ಓಜೋನ್ ಮುಂತಾದ ಕಣ್ಣುರಿಸುವ ವಸ್ತುಗಳನ್ನು ಹುಟ್ಟಿಸುತ್ತವೆಂಬುದನ್ನು 1952ರ ವೇಳೆಗೆ ತೋರಿಸಿಕೊಟ್ಟರು. ಅಂದಮೇಲೆ ಮೋಟಾರು ಬಂಡಿಗಳೇ ಅಪರಾಧಿಗಳು. ಮುಂದೆ ಅಳತೆ ಮಾಡಿ ನೋಡಿದಾಗ, ಬಂಡಿಯಿಂದ ಹೊರಬೀಳುವ ಒಟ್ಟು ಹೈಡ್ರೊಕಾರ್ಬನ್ನುಗಳಲ್ಲಿ ಐದರಲ್ಲೊಂದು ಪಾಲಿಗೂ ಕಡಮೆಯಿಲ್ಲದಷ್ಟು ಹೊಗೆಕೊಳವೆಯಿಂದಲ್ಲ, ಈ ಇಳಿಬಿಟ್ಟ ಕೊಳವೆಯಿಂದಲೇ ಬರುವುದೆಂದು ತಿಳಿದುಬಂದಿತು.

ಪರಿಹಾರ ಅಗ್ಗವಾಗಿತ್ತು. ಆ ಕೊಳವೆಯನ್ನು ನೆಲದ ಕಡೆಗೆ ಬಿಡುವುದರ ಬದಲು ಎಂಜಿನು ಗಾಳಿ ಸೇದುವ ಹಾದಿಗೇ ಜೋಡಿಸಿ, ನಡುವೆ ಒಂದು ಸಣ್ಣ ಕವಾಟವನ್ನಿಟ್ಟರೆ, ನುಸುಳಿದ ಅನಿಲ ಮತ್ತೆ ಸಿಲಿಂಡರಿಗೆ ಹೋಗಿ ಉರಿದುಹೋಗುತ್ತದೆ. ಪಿ.ಸಿ.ವಿ. ಎಂದು ಹೆಸರಾದ ಈ ಏರ್ಪಾಡನ್ನು ಕ್ಯಾಲಿಫೋರ್ನಿಯ ರಾಜ್ಯವು 1961ರಲ್ಲಿ ವಿಧಿಸಿ, 1963ರಿಂದ ಅಲ್ಲಿ ಮಾರುವ ಹೊಸ ಕಾರುಗಳಿಗೆ ಜಾರಿಗೆ ತಂದಿತು. ಬಂಡಿಗಳ ಕೊಳೆಯನ್ನು ತಡೆಯಲು ಆ ದೇಶದಲ್ಲಿ ಕಡ್ಡಾಯವಾದ ಮೊತ್ತಮೊದಲ ಸಾಧನ ಇದೇ. ಇಂದು ಭಾರತವೂ ಸೇರಿ ಬಹುತೇಕ ದೇಶಗಳ ನಿಯಮಗಳ ಪ್ರಕಾರ ಪೆಟ್ರೋಲು ಕಾರಿನ ಕ್ರ್ಯಾಂಕ್ ಕೇಸಿನಿಂದ ಹೊರಗಾಳಿಗೆ ಅನಿಲ ಬಿಡುವಂತೆಯೇ ಇಲ್ಲ.

ಇಲ್ಲಿಯವರೆಗಿನದು ಸಾಮಾನ್ಯ ಎಂಜಿನಿನ ಕಥೆ. ಇನ್ನು ಸೂಪರ್‌ಚಾರ್ಜರಿನ ವಿಷಯಕ್ಕೆ ಬರೋಣ. ಎಂಜಿನಿನ ಶಕ್ತಿಗೆ ಮಿತಿಯಿರುವುದು ಅದು ಸೇದಿಕೊಳ್ಳಬಲ್ಲ ಗಾಳಿಯಲ್ಲಿ. ಗಾಳಿಯನ್ನು ಪಂಪಿನಿಂದ ಒತ್ತಿ ತುಂಬಿದರೆ ಅದೇ ಗಾತ್ರದ ಸಿಲಿಂಡರಿನಲ್ಲಿ ಹೆಚ್ಚು ಪೆಟ್ರೋಲನ್ನು ಉರಿಸಬಹುದು. ಗಾಟ್ಲೀಬ್ ಡೈಮ್ಲರನು ಈ ಉಪಾಯಕ್ಕೆ 1885ರಷ್ಟು ಹಿಂದೆಯೇ ಪೇಟೆಂಟು ಪಡೆದಿದ್ದನು. ಅಮೆರಿಕದ ಇಂಡಿಯಾನ ರಾಜ್ಯದ ರೂಟ್ಸ್ ಸೋದರರು 1860ರಲ್ಲಿ ಪೇಟೆಂಟು ಪಡೆದ, ಎರಡು ತಿರುಗಣೆಗಳು ಒಂದರೊಳಗೊಂದು ಹೊಂದಿಕೊಂಡು ಸುತ್ತುವ ಗಾಳಿಯೂದುವ ಯಂತ್ರವೇ ಮುಂದೆ ಕಾರುಗಳಿಗೂ ಬಂದಿತು. 1921ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಮರ್ಸಿಡಿಸ್ ಕಂಪೆನಿಯವರು ಇಂತಹ ಪಂಪುಳ್ಳ ಕಾರುಗಳನ್ನು ಜನರ ಮುಂದಿಟ್ಟರು. ನಮ್ಮ ಶತಮಾನದ ಮೊದಲ ವರ್ಷಗಳಲ್ಲಿ ಬಂದ ಮಿನಿ ಕೂಪರ್ ಎಸ್ ಕಾರಿನ 1.6 ಲೀಟರಿನ ಪುಟ್ಟ ಎಂಜಿನು 163 ಅಶ್ವಶಕ್ತಿ ಕೊಡುತ್ತಿದ್ದುದೂ ರೂಟ್ಸರ ಮಾದರಿಯ ಪಂಪಿನ ಬಲದಿಂದಲೇ.

ಆದರೆ ಪ್ರಕೃತಿಯಲ್ಲಿ ಯಾವುದೂ ಬಿಟ್ಟಿಯಾಗಿ ದೊರೆಯುವುದಿಲ್ಲ. ಹೊರಗಿನ ವಾಯುಮಂಡಲದ ಒತ್ತಡವನ್ನು ಒಂದು ಎಂದು ಎಣಿಸಿದರೆ, ಪಂಪು ಅದಕ್ಕೆ ಇನ್ನೂ ಅರ್ಧದಷ್ಟನ್ನು ಕೂಡಿಸುವುದೆಂದು ಇಟ್ಟುಕೊಳ್ಳೋಣ. ಆಗ ಸಿಲಿಂಡರಿನೊಳಕ್ಕೆ ಹೋಗುವ ಗಾಳಿಯೂ ಉರಿಯ ಉತ್ತುಂಗದಲ್ಲಿರುವ ಒತ್ತಡವೂ ಬಹುಮಟ್ಟಿಗೆ ಒಂದೂವರೆ ಪಟ್ಟಾಗುತ್ತವೆ. ಕಿರುಸಂದಿನ ಮೂಲಕ ವೇಗವಾಗಿ ಸೋರುವ ಅನಿಲದ ಮೊತ್ತ ಮೇಲುಬದಿಯ ಒತ್ತಡಕ್ಕೆ ಅನುಗುಣವಾಗಿರುವುದರಿಂದ ನುಸುಳು ಅನಿಲವೂ ಸುಮಾರು ಅಷ್ಟೇ ಪಟ್ಟು ಹೆಚ್ಚುವುದು. ಇದು ಸಾಲದೆಂಬಂತೆ, ಇಂತಹ ಎಂಜಿನುಗಳ ರಿಂಗುಗಳು ಹೆಚ್ಚು ಕಾಯುವುದರಿಂದ ಅವುಗಳ ಸಂದನ್ನೂ ಸ್ವಲ್ಪ ಅಗಲವಾಗಿಯೇ ಬಿಡಬೇಕಾಗುತ್ತದೆ. ಎಂಜಿನು ಇನ್ನೂ ಕಾಯದಿರುವಾಗ ಆ ಅಗಲವಾದ ಸಂದು ಮತ್ತಷ್ಟು ಅನಿಲವನ್ನು ಕೆಳಗೆ ಬಿಡುತ್ತದೆ.

ಇನ್ನೊಂದು ತೊಡಕುಂಟು. ಸಾಮಾನ್ಯ ಎಂಜಿನಿನಲ್ಲಿ ಗಾಳಿ ಸೇದುವ ಹಾದಿಯ ಒತ್ತಡ ಹೊರಗಿನದಕ್ಕಿಂತ ಕಡಮೆಯಿರುವುದರಿಂದ ಪಿ.ಸಿ.ವಿ. ಕವಾಟದ ಮೂಲಕ ಕ್ರ್ಯಾಂಕ್ ಕೇಸಿನ ಅನಿಲ ತಾನಾಗಿ ಸೇದಲ್ಪಡುತ್ತದೆ. ಸೂಪರ್‌ಚಾರ್ಜರ್ ಪೂರ್ಣವಾಗಿ ಕೆಲಸಮಾಡುವಾಗ ಪಂಪಿನ ಮುಂದಿನ ಹಾದಿಯಲ್ಲಿ ಸೆಳೆತದ ಬದಲು ಒತ್ತಡವಿರುತ್ತದೆ. ಆಗ ಕವಾಟ ಮುಚ್ಚಿಕೊಳ್ಳಲೇಬೇಕು. ಇಲ್ಲವಾದರೆ ಒತ್ತಿದ ಗಾಳಿ ಹಿಂದಕ್ಕೆ ಹರಿದು ಎಂಜಿನಿನ ಹೊಟ್ಟೆಯನ್ನೇ ಊದಿಸೀತು. ಕವಾಟ ಮುಚ್ಚಿದಮೇಲೆ ನುಸುಳು ಅನಿಲಕ್ಕೆ ಉಳಿಯುವುದು ಎರಡನೆಯ ನಳಿಗೆ. ಅದು ಪಂಪಿಗೆ ಹಿಂದೆ, ಗಾಳಿ ಸೋಸುವ ಪೆಟ್ಟಿಗೆಯ ಬಳಿ, ಮುಖ್ಯ ಹಾದಿಯನ್ನು ಸೇರುತ್ತದೆ. ಅನಿಲ ಅತ್ಯಂತ ಹೆಚ್ಚಾಗಿ ಹುಟ್ಟುವ ಗಳಿಗೆಯಲ್ಲಿಯೇ ಅದು ಹೋಗುವ ದಾರಿ ಬದಲಾಗುತ್ತದೆಂಬುದನ್ನು ವಾಚಕರು ಗಮನಿಸಬೇಕು. ಒಂದು ನಳಿಗೆಗೆ ಮಾತ್ರ ಡಬ್ಬಿಯಿಟ್ಟು ಇನ್ನೊಂದನ್ನು ಮರೆತವರು, ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತೆ ಮಾಡುತ್ತಾರೆ.

ಹೀಗೆ ಮರಳಿ ಬಂದ ಎಣ್ಣೆಯ ಮಂಜು ಏನು ಮಾಡುತ್ತದೆ? ಒಗ್ಗರಣೆಯ ಹೊಗೆ ತಗಲಿದ ಅಡಿಗೆಮನೆಯ ಗೋಡೆ ದಿನಗಳೆದಂತೆ ಜಿಡ್ಡುಗಟ್ಟುವುದನ್ನು ಎಲ್ಲರೂ ಕಂಡಿದ್ದಾರೆ. ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಸಣ್ಣ ನಾಳಗಳೊಳಗೂ ಹಾಗೆಯೇ ಎಣ್ಣೆಯ ಪದರ ಕೂರುತ್ತದೆ. ಎಣ್ಣೆ ಉಷ್ಣವಾಹಕವಲ್ಲವಾದುದರಿಂದ ಗಾಳಿ ಸರಿಯಾಗಿ ತಣಿಯುವುದಿಲ್ಲ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಚಿಮುಕಿಸುವ ಹೊಸ ಮಾದರಿಯ ಎಂಜಿನುಗಳಲ್ಲಿ, ಒಳಹಾದಿಯ ಕವಾಟಗಳನ್ನು ತೊಳೆಯುವ ಪೆಟ್ರೋಲಿನ ಸ್ಪರ್ಶವೇ ಇಲ್ಲ. ಅವುಗಳ ಮೇಲೆ ಎಣ್ಣೆ ಕರಿಕಾಗಿ ಗಟ್ಟಿಕಟ್ಟುತ್ತದೆ. ಎಲ್ಲಕ್ಕಿಂತ ಗಂಭೀರವಾದುದು ಮೂರನೆಯ ಪರಿಣಾಮ. ಎಂಜಿನಿನ ಎಣ್ಣೆಯ ಉದ್ದವಾದ ಅಣುಗಳು ಬಿಸಿಯಲ್ಲಿ ಬೇಗ ತಾವಾಗಿ ಹೊತ್ತಿಕೊಳ್ಳುವಂಥವು. ಅವು ಪೆಟ್ರೋಲಿನೊಡನೆ ಬೆರೆತರೆ ಅದರ ಆಕ್ಟೇನ್ ಗುಣ ಕುಗ್ಗಿ, ಕಿಡಿ ಹಾರಿದಮೇಲೆ ಕ್ರಮವಾಗಿ ಹರಡಬೇಕಾದ ಉರಿಯ ಬದಲು ಸಿಲಿಂಡರಿನ ಮೂಲೆಯಲ್ಲಿ ಉಳಿದ ಮಿಶ್ರಣ ಒಮ್ಮೆಲೇ ಸಿಡಿಯುತ್ತದೆ. ಇದೇ ಚಾಲಕರು ಹೇಳುವ ‘ನಾಕಿಂಗ್’. ಒತ್ತಡ ಮೊದಲೇ ಹೆಚ್ಚಿರುವ ಎಂಜಿನಿನಲ್ಲಿ ಈ ಸಿಡಿತ ಪಿಸ್ಟನನ್ನು ಒಡೆಯಬಲ್ಲುದು. ಇಂದಿನ ಕಾರುಗಳಲ್ಲಿ ಈ ಬಡಿತವನ್ನು ಆಲಿಸಿ ಕಿಡಿಯ ಗಳಿಗೆಯನ್ನು ತಡಮಾಡುವ ವಿದ್ಯುತ್ ಸಾಧನ ಇರುತ್ತದೆ ನಿಜ. ಆದರೆ ಹಾಗೆ ತಡಮಾಡಿದಾಗ ಶಕ್ತಿಯೂ ಕುಗ್ಗುತ್ತದೆ. ಸೂಪರ್‌ಚಾರ್ಜರಿಗೆ ಹಣ ತೆತ್ತು ಪಡೆದ ಶಕ್ತಿಯಲ್ಲಿ ಒಂದು ಭಾಗವನ್ನು ಎಣ್ಣೆಯ ಮಂಜು ಹೀಗೆ ಕದ್ದೊಯ್ಯುತ್ತದೆ.

ಆದುದರಿಂದ ಅನಿಲ ಮರಳಿ ಎಂಜಿನಿಗೆ ಹೋಗುವುದಕ್ಕೆ ಮುನ್ನ ಅದರಿಂದ ಎಣ್ಣೆಯನ್ನು ಬೇರ್ಪಡಿಸುವುದು ನ್ಯಾಯವಾದ ಯೋಚನೆ. ಬೇರ್ಪಡಿಸುವ ತತ್ತ್ವ ನಮ್ಮ ರೈತರಿಗೆ ಹೊಸದಲ್ಲ. ಕಣದಲ್ಲಿ ರಾಶಿ ತೂರುವಾಗ ಗಾಳಿ ಹೊಟ್ಟನ್ನು ಎತ್ತಿಕೊಂಡುಹೋಗುತ್ತದೆ. ತೂಕವುಳ್ಳ ಕಾಳು ಗಾಳಿಯ ಮಾತನ್ನು ಕೇಳದೆ ಬುಡದಲ್ಲಿ ಬೀಳುತ್ತದೆ. ಡಬ್ಬಿಯೊಳಗೆ ಅನಿಲದ ಹಾದಿಯನ್ನು ಥಟ್ಟನೆ ತಿರುಗಿಸಿದರೆ ಅನಿಲವೇನೋ ತಿರುಗುತ್ತದೆ. ತೂಕದ ಎಣ್ಣೆಹನಿ ಜಡತ್ವದಿಂದ ನೇರವಾಗಿ ಮುಂದುವರಿದು ಎದುರಿನ ಗೋಡೆಗೆ ಬಡಿದು ಅಂಟಿಕೊಳ್ಳುತ್ತದೆ. ಹನಿಗೆ ಹನಿ ಕೂಡಿ ಕೆಳಕ್ಕೆ ಇಳಿಯುತ್ತದೆ.

ಆದರೆ ಇಲ್ಲಿ ಹನಿಯ ಗಾತ್ರವೇ ಎಲ್ಲವನ್ನೂ ನಿರ್ಣಯಿಸುತ್ತದೆ. ಸೆಕೆಂಡಿಗೆ 5 ಮೀಟರು ವೇಗದಲ್ಲಿ ಹೋಗುತ್ತಿರುವ, 10 ಮೈಕ್ರಾನ್ ವ್ಯಾಸದ ಎಣ್ಣೆಹನಿಯನ್ನು ನಿಶ್ಚಲವಾದ ಗಾಳಿಗೆ ಎಸೆದರೆ ಅದು ಸುಮಾರು 1 ಮಿಲಿಮೀಟರು ಮುಂದೆ ಸಾಗಿ ನಿಲ್ಲುತ್ತದೆ. ಈ ದೂರ ವ್ಯಾಸದ ವರ್ಗಕ್ಕೆ ಅನುಗುಣವಾಗಿರುವುದರಿಂದ, 1 ಮೈಕ್ರಾನ್ ವ್ಯಾಸದ ಹನಿ ಅದರ ನೂರರಲ್ಲೊಂದು ಪಾಲಿನಷ್ಟು ದೂರ ಮಾತ್ರ ಹೋಗಬಲ್ಲುದು. ಅಂದರೆ ಸಣ್ಣ ಹನಿ ಹೊಟ್ಟಿನಂತೆ ಗಾಳಿ ಒಯ್ದತ್ತ ಹೋಗುತ್ತದೆ. ಅಂಗೈಯಷ್ಟು ಅಗಲದ ಟೊಳ್ಳು ಡಬ್ಬಿಯಲ್ಲಿ ಅದು ಯಾವ ಗೋಡೆಗೂ ತಗಲದೆ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬೀಳುವುದು. ಅದನ್ನು ಹಿಡಿಯಬೇಕಾದರೆ ಅಡ್ಡತಟ್ಟೆಗಳೂ ನವುರಾದ ಲೋಹದ ಎಳೆಗಳ ಜಾಲವೂ ಬೇಕು. ಅನಿಲ ಕೂದಲೆಳೆಯ ಅಂತರಗಳ ನಡುವೆ ಸುತ್ತಿ ಸುಳಿದು ಹೋಗಬೇಕು. ಜಾಲ ತೀರ ದಟ್ಟವಾದರೆ ಅದೇ ಉಸಿರುಗಟ್ಟಿಸುತ್ತದೆ. ಬೇರ್ಪಡಿಸುವ ಸಾಮರ್ಥ್ಯಕ್ಕೂ ಹರಿವಿನ ತಡೆಗೂ ನಡುವಣ ಈ ಹೊಂದಾಣಿಕೆಯೇ ಒಳ್ಳೆಯ ಡಬ್ಬಿಯ ಗುಟ್ಟು.

ಪೇಟೆಯಲ್ಲಿ ಮಾರುವ ಡಬ್ಬಿಗಳಲ್ಲಿ ಒಳಗೆ ಏನೂ ಇಲ್ಲದ, ಹೊರಗೆ ಮಾತ್ರ ಬಣ್ಣವೂ ಹೊಳಪೂ ಇರುವಂಥವು ಹೇರಳವಾಗಿವೆ. ಇವುಗಳಲ್ಲಿಯೂ ಒಂದಿಷ್ಟು ಎಣ್ಣೆ ಕೂಡಿಕೊಳ್ಳುವುದು ಸುಳ್ಳಲ್ಲ. ದಪ್ಪ ಹನಿಗಳು ಎಲ್ಲಿಯಾದರೂ ಬೀಳಲೇಬೇಕಷ್ಟೆ. ಕೊಂಡವನು ಆ ಎಣ್ಣೆಯನ್ನು ಕಂಡು ಸಂತುಷ್ಟನಾಗುತ್ತಾನೆ. ಆದರೆ ಡಬ್ಬಿ ಎಷ್ಟು ಹಿಡಿಯಿತೆಂಬುದು ಕಣ್ಣಿಗೆ ಕಾಣುತ್ತದೆ, ಎಷ್ಟನ್ನು ಬಿಟ್ಟುಕೊಟ್ಟಿತೆಂಬುದು ಕಾಣುವುದಿಲ್ಲ. ವಿಜ್ಞಾನದ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಎರಡನೆಯದು. ಎಷ್ಟು ಹರಿವಿನಲ್ಲಿ ಎಷ್ಟು ಗಾತ್ರದ ಹನಿಗಳಲ್ಲಿ ನೂರಕ್ಕೆ ಎಷ್ಟನ್ನು ಹಿಡಿಯುತ್ತದೆ, ಎಷ್ಟು ತಡೆಯೊಡ್ಡುತ್ತದೆ ಎಂಬ ಅಳತೆಗಳನ್ನು ಮಾರುವವರು ಡಬ್ಬಿಯ ಮೇಲೆಯೇ ನಮೂದಿಸತಕ್ಕದ್ದೆಂದು ನಾವು ಒತ್ತಾಯಪಡಿಸಬೇಕು. ಔಷಧದ ಸೀಸೆಯ ಮೇಲೆ ಪ್ರಮಾಣ ಬರೆಯುವ ನಿಯಮವಿರುವಂತೆ ಯಂತ್ರದ ಔಷಧಕ್ಕೂ ಇರಬಾರದೇಕೆ?

ಈಗ ನಮ್ಮ ಮುಖ್ಯವಾದ ಆಕ್ಷೇಪಣೆಗೆ ಬರುತ್ತೇವೆ. ಕೆಲವು ಹವ್ಯಾಸಿಗಳು ಡಬ್ಬಿಯಿಂದ ಹೊರಡುವ ಅನಿಲವನ್ನು ಎಂಜಿನಿಗೆ ಮರಳಿಸದೆ, ಡಬ್ಬಿಯ ನೆತ್ತಿಗೆ ಒಂದು ಸಣ್ಣ ಸೋಸುಕವನ್ನಿಟ್ಟು ಹೊರಗಾಳಿಗೆ ಬಿಡುತ್ತಾರೆ. ಎಂಜಿನಿಗೆ ಶುದ್ಧವಾದ ಗಾಳಿ ಸಿಗುತ್ತದೆ, ಒತ್ತಡ ಸುಲಭವಾಗಿ ಇಳಿಯುತ್ತದೆ ಎಂಬುದು ಅವರ ವಾದ. ಎಂಜಿನಿನ ಸುಖವೊಂದನ್ನೇ ನೋಡುವುದಾದರೆ ಈ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಹೊರಬೀಳುವುದು ಅತ್ಯಲ್ಪ, ಅದರಿಂದ ಯಾರಿಗೇನು ನಷ್ಟವೆಂದೂ ಅವರು ಕೇಳುತ್ತಾರೆ. ಅಲ್ಪವೋ ಅಧಿಕವೋ ಲೆಕ್ಕ ಹಾಕಿಯೇ ನೋಡೋಣ.

ಒಂದು ಎಂಜಿನಿನಿಂದ ನಿಮಿಷಕ್ಕೆ 20 ಲೀಟರು ನುಸುಳು ಅನಿಲ ಹೊರಡುತ್ತದೆಂದೂ, ಅದರಲ್ಲಿ ನೂರಕ್ಕೆ ಅರ್ಧ ಭಾಗದಷ್ಟು ಮಾತ್ರ ಉರಿಯದ ಪೆಟ್ರೋಲಿನ ಆವಿಯೆಂದೂ ಇಟ್ಟುಕೊಳ್ಳೋಣ. ಆಗ ನಿಮಿಷಕ್ಕೆ 0.1 ಲೀಟರು ಆವಿ. ಅದನ್ನು ಹೆಕ್ಸೇನ್ ಎಂದು ಭಾವಿಸಿದರೆ, 86 ಗ್ರಾಂ ಹೆಕ್ಸೇನಿನ ಆವಿ ಸುಮಾರು 24 ಲೀಟರು ಸ್ಥಳವನ್ನು ಆಕ್ರಮಿಸುವುದರಿಂದ, ಈ 0.1 ಲೀಟರಿನ ತೂಕ ಸುಮಾರು 0.36 ಗ್ರಾಂ. ಕಾರು ಗಂಟೆಗೆ 60 ಕಿಲೋಮೀಟರು ಓಡುತ್ತಿದ್ದರೆ ನಿಮಿಷಕ್ಕೆ 1 ಕಿಲೋಮೀಟರು. ಆದುದರಿಂದ ಕಿಲೋಮೀಟರಿಗೆ 0.36 ಗ್ರಾಂ. ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮದ ಪ್ರಕಾರ ಪೆಟ್ರೋಲು ಕಾರಿನ ಹೊಗೆಕೊಳವೆಯಿಂದ ಹೊರಬರಬಹುದಾದ ಒಟ್ಟು ಹೈಡ್ರೊಕಾರ್ಬನ್ನುಗಳ ಮಿತಿ ಕಿಲೋಮೀಟರಿಗೆ 0.1 ಗ್ರಾಂ. ನಾವು ಇಟ್ಟುಕೊಂಡ ಅಂಕಿಗಳು ಕೇವಲ ಲೆಕ್ಕಕ್ಕಾಗಿ. ಎಂಜಿನಿನಿಂದ ಎಂಜಿನಿಗೆ ಅವು ಬಹಳ ವ್ಯತ್ಯಾಸವಾಗುತ್ತವೆ. ಆದರೂ ಇಡೀ ಹೊಗೆಕೊಳವೆಗೆ ಕಾನೂನು ಕೊಟ್ಟಿರುವ ಪಾಲಿನ ಮೂರೂವರೆ ಪಟ್ಟನ್ನು ಒಂದು ಬೆರಳುಗಾತ್ರದ ನಳಿಗೆ ಹೊರಹಾಕಬಲ್ಲುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹೊಗೆಕೊಳವೆಯ ಅನಿಲವನ್ನು ತೊಳೆಯಲು ಪ್ಲಾಟಿನಂ ಜಾತಿಯ ಬೆಲೆಬಾಳುವ ಲೋಹಗಳ ವೇಗವರ್ಧಕವನ್ನಿಟ್ಟು, ಮಗ್ಗುಲಲ್ಲಿಯೇ ತೊಳೆಯದ ಅನಿಲಕ್ಕೆ ಬಾಗಿಲು ತೆರೆಯುವುದು ಎಂತಹ ವಿವೇಕ?

ಇದು ಬೀದಿಯವರ ಹಾನಿ. ಒಡೆಯನಿಗೂ ಹಾನಿಯಿಲ್ಲದೆ ಇಲ್ಲ. ಕಾದ ಎಂಜಿನಿನ ಮಗ್ಗುಲಿನಲ್ಲಿ ಬಿಡುಗಡೆಯಾಗುವ ಆ ಆವಿ ದಹನಶೀಲವಾದುದು; ಅದರೊಡನೆ ಬರುವ ಕಾರ್ಬನ್ ಮಾನಾಕ್ಸೈಡು ಕಾರಿನೊಳಗೆ ಕುಳಿತವರ ಉಸಿರಿಗೂ ಸೇರಬಹುದು. ಹೊರಗಾಳಿಗೆ ಬಿಡುವ ಡಬ್ಬಿ ಪಂದ್ಯದ ಮೈದಾನದಿಂದ ಬಂದುದೆಂದು ಅದರ ಪಕ್ಷದವರು ಹೆಮ್ಮೆಪಡುತ್ತಾರೆ. ಆದರೆ ಪಂದ್ಯದಲ್ಲಿ ಅದು ಏಕೆ ಬಂದಿತೆಂಬುದನ್ನು ಅವರು ಮರೆಯುತ್ತಾರೆ. ಒಂದು ಕಾರಿನ ಎಣ್ಣೆ ಹಾದಿಗೆ ಸುರಿದರೆ ಹಿಂದೆ ಬರುವ ಕಾರು ಜಾರಿ ಸವಾರನ ಪ್ರಾಣಕ್ಕೆ ಸಂಚಕಾರ ಬರುತ್ತದೆ. ಅದಕ್ಕಾಗಿಯೇ ಅಂತರರಾಷ್ಟ್ರೀಯ ಮೋಟಾರು ಸಂಸ್ಥೆಯಾದ ಎಫ್.ಐ.ಎ. ತನ್ನ ಪಂದ್ಯದ ನಿಯಮಗಳಲ್ಲಿ 2000 ಘನ ಸೆಂಟಿಮೀಟರುವರೆಗಿನ ಎಂಜಿನಿಗೆ 2 ಲೀಟರಿನ, ಅದಕ್ಕೂ ದೊಡ್ಡದಕ್ಕೆ 3 ಲೀಟರಿನ ಡಬ್ಬಿಯನ್ನು ವಿಧಿಸಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ಕಾರುಗಳೊಡನೆ ಸ್ಪರ್ಧಿಸುವ ಫಾರ್ಮುಲಾ ಎಸ್.ಎ.ಇ. ನಿಯಮಗಳೂ 0.9 ಲೀಟರಿಗೆ ಕಡಮೆಯಿಲ್ಲದ ಡಬ್ಬಿಯನ್ನು ಕೇಳುತ್ತ ಬಂದಿವೆ. ತನ್ನ ಕೊಳೆ ಹಿಂದೆ ಬರುವವನ ಹಾದಿಗೆ ಬೀಳಬಾರದೆಂಬುದೇ ಈ ಡಬ್ಬಿಯ ಮೂಲಧರ್ಮ. ಅದೇ ಡಬ್ಬಿಯ ನೆತ್ತಿ ತೆರೆದು ಊರಿನ ಗಾಳಿಗೆ ಕೊಳೆ ಬಿಡುವವರು ಅದರ ರೂಪವನ್ನು ಉಳಿಸಿಕೊಂಡು ಧರ್ಮವನ್ನು ಕಳೆದುಕೊಂಡಿದ್ದಾರೆ.

ಇನ್ನೊಂದು ಕಡೆಯಿಂದ ಬರುವ ಆಕ್ಷೇಪಣೆಯನ್ನೂ ಪರಿಶೀಲಿಸೋಣ. ಡಬ್ಬಿ ಅಷ್ಟು ಪ್ರಯೋಜನಕಾರಿಯಾದರೆ ತಯಾರಕರೇ ಏಕೆ ಇಡುವುದಿಲ್ಲವೆಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದು. ತಯಾರಕರು ಎಂಜಿನಿನ ಮೇಲ್ಮುಚ್ಚಳದೊಳಗೆ ಎಣ್ಣೆ ಬೇರ್ಪಡಿಸುವ ಅಡ್ಡತಟ್ಟೆಗಳನ್ನು ಇಟ್ಟೇ ಇರುತ್ತಾರೆ; ಅಲ್ಲಿ ಕೂಡಿದ ಎಣ್ಣೆ ತಾನಾಗಿ ಕೆಳಗಿನ ಸಂಪಿಗೆ ಮರಳುತ್ತದೆ. ತಿಂಗಳಿಗೊಮ್ಮೆ ಕೈಯಿಂದ ಬರಿದುಮಾಡಬೇಕಾದ ಡಬ್ಬಿಯನ್ನು ಅವರು ಇಡದಿರುವುದಕ್ಕೆ ಒಂದು ಮುಖ್ಯ ಕಾರಣ ಯಂತ್ರಶಾಸ್ತ್ರದಲ್ಲಲ್ಲ, ಮನುಷ್ಯಸ್ವಭಾವದಲ್ಲಿದೆ. ಲಕ್ಷಾಂತರ ಒಡೆಯರಲ್ಲಿ ಎಷ್ಟು ಮಂದಿ ಆ ಕೆಲಸವನ್ನು ತಪ್ಪದೆ ಮಾಡಿಯಾರು? ತುಂಬಿದ ಡಬ್ಬಿ ಖಾಲಿ ಡಬ್ಬಿಗಿಂತ ಕೆಟ್ಟದ್ದು; ಒಂದು ತಿರುವಿನಲ್ಲಿ ಅದರ ಎಣ್ಣೆಯೆಲ್ಲ ಒಮ್ಮೆಲೇ ಎಂಜಿನಿನ ಹಾದಿಗೆ ಸೇದಲ್ಪಟ್ಟರೆ ಅನಾಹುತವೇ ಸರಿ. ಚಳಿದೇಶಗಳಲ್ಲಿ ಡಬ್ಬಿಯೊಳಗಿನ ನೀರು ಹೆಪ್ಪುಗಟ್ಟಿ ಹಾದಿ ಮುಚ್ಚಿ, ಸೀಲು ಒಡೆಯುವುದೂ ಉಂಟು. ಆದುದರಿಂದ ಮುಚ್ಚಳವನ್ನು ಕಾಲಕಾಲಕ್ಕೆ ತೆರೆದು ನೋಡುವ ತಾಳ್ಮೆಯಿಲ್ಲದವನು ಡಬ್ಬಿಯನ್ನು ಇಡದಿರುವುದೇ ಲೇಸು. ಹಾಗೆಯೇ, ಸೂಪರ್‌ಚಾರ್ಜರ್ ಇಲ್ಲದ, ರಿಂಗುಗಳು ಗಟ್ಟಿಯಾಗಿರುವ ಸಾಧಾರಣ ಕಾರಿಗೆ ಇದರ ಅಗತ್ಯವೇ ಸಾಮಾನ್ಯವಾಗಿ ಇಲ್ಲ. ಅಲ್ಲಿ ಅದು ಮೂಗಿಗಿಂತ ಭಾರವಾದ ಮೂಗುತಿ.

ಜೋಡಿಸಲು ನಿಶ್ಚಯಿಸಿದವರು ಕೆಲವು ಮಾತುಗಳನ್ನು ಮನಸ್ಸಿನಲ್ಲಿಡತಕ್ಕದ್ದು. ಡಬ್ಬಿ ಹೊಗೆಕೊಳವೆಯ ಬಿಸಿಯಿಂದ ದೂರ, ತಂಪಾದೆಡೆಯಲ್ಲಿ ಭದ್ರವಾಗಿ ನಿಲ್ಲಬೇಕು. ತಂಪಿನಲ್ಲಿ ಆವಿ ಹೆಚ್ಚಾಗಿ ಹನಿಗಟ್ಟುತ್ತದೆ. ನಳಿಗೆ ಎಣ್ಣೆಗೂ ಪೆಟ್ರೋಲಿಗೂ ಕರಗದ ಜಾತಿಯದಾಗಿರಬೇಕು. ಅದರ ಒಳವ್ಯಾಸ ಮೂಲ ನಳಿಗೆಗಿಂತ ಕಿರಿದಾಗಕೂಡದು. ನಡುವೆ ಜೋತುಬಿದ್ದು ನೀರು ನಿಲ್ಲುವ ತಗ್ಗಾಗಕೂಡದು. ಕವಾಟದ ಹಾದಿಗೂ ಎರಡನೆಯ ನಳಿಗೆಯ ಹಾದಿಗೂ ಏರ್ಪಾಡು ಬೇಕು. ಒತ್ತಿದ ಗಾಳಿ ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟ ಸರಿಯಾಗಿ ಮುಚ್ಚುವುದೇ ಎಂದು ಪರೀಕ್ಷಿಸಬೇಕು. ಬಾಗಿದ ಗಾಜಿನ ಕೊಳವೆಯಲ್ಲಿ ನೀರು ತುಂಬಿ ಮಾಡಿದ, ಶಾಲೆಯ ಪ್ರಯೋಗಶಾಲೆಯಲ್ಲಿ ಎಲ್ಲರೂ ಕಂಡಿರುವ ಒತ್ತಡಮಾಪಕವೊಂದನ್ನು ಎಣ್ಣೆಯ ಅಳತೆಕಡ್ಡಿಯ ತೂತಿಗೆ ಜೋಡಿಸಿದರೆ, ಡಬ್ಬಿ ಇಡುವ ಮೊದಲೂ ಇಟ್ಟಮೇಲೂ ಎಂಜಿನು ನಿಂತಲ್ಲೇ ತಿರುಗುವಾಗ ಕ್ರ್ಯಾಂಕ್ ಕೇಸಿನ ಒತ್ತಡ ಹೇಗಿದೆಯೆಂದು ತಿಳಿಯಬಹುದು. ಒತ್ತಡ ಏರಿದ್ದರೆ ಡಬ್ಬಿ ಉಸಿರುಗಟ್ಟಿಸುತ್ತಿದೆಯೆಂದು ಅರ್ಥ. ಕಾನೂನನ್ನೂ ಮರೆಯುವಂತಿಲ್ಲ: 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು, ನೋಂದಣಿ ಪತ್ರದ ವಿವರಗಳು ತಯಾರಕನು ಮೊದಲು ನಮೂದಿಸಿದುದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ.

ಡಬ್ಬಿಯಲ್ಲಿ ಕೂಡಿದುದನ್ನು ಸುಮ್ಮನೆ ಚೆಲ್ಲದೆ ಅಳೆದು ಬರೆದಿಟ್ಟುಕೊಳ್ಳುವ ಅಭ್ಯಾಸವನ್ನು ನಾವು ವಿಶೇಷವಾಗಿ ಶಿಫಾರಸು ಮಾಡುತ್ತೇವೆ. ಇಂತಿಷ್ಟು ಕಿಲೋಮೀಟರಿಗೆ ಇಷ್ಟು ಮಿಲಿಲೀಟರು ಎಂಬ ಪಟ್ಟಿಯೊಂದು ಎಂಜಿನಿನ ಆರೋಗ್ಯದ ಚರಿತ್ರೆ. ಅಂಕಿ ಒಂದೇ ಸಮನಾಗಿದ್ದರೆ ಚಿಂತೆಯಿಲ್ಲ. ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ರಿಂಗುಗಳು ಸವೆಯುತ್ತಿವೆಯೆಂದು ಶಂಕಿಸಿ ಮೆಕ್ಯಾನಿಕ್ಕಿಗೆ ತೋರಿಸಬೇಕು. ಹಾಗಲ್ಲದೆ ಇನ್ನೂ ದೊಡ್ಡ ಡಬ್ಬಿಯನ್ನು ತಂದಿಡುವುದು, ಜ್ವರ ಇಳಿಸುವ ಬದಲು ಉದ್ದವಾದ ಜ್ವರಮಾಪಕವನ್ನು ಕೊಂಡಂತೆ. ಅಳೆದಮೇಲೆ ಆ ಕೊಳಕನ್ನು ಚರಂಡಿಗೆ ಸುರಿಯಕೂಡದು. ಎಣ್ಣೆ, ಪೆಟ್ರೋಲು, ಆಮ್ಲದ ನೀರು ಕೂಡಿದ ಅದು ನೆಲಕ್ಕೂ ಬಾವಿಗೂ ವಿಷ. ಬಳಸಿದ ಎಣ್ಣೆಯನ್ನು 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳ ಅಡಿಯಲ್ಲಿ ಪರವಾನಗಿ ಪಡೆದ ಸಂಸ್ಕರಣಕಾರರಿಗೆ ಸೇರಿಸುವ ಗ್ಯಾರೇಜಿಗೆ ಅದನ್ನು ಒಪ್ಪಿಸಬೇಕು. ಗಾಳಿಗೆ ಬಿಡದೆ ಹಿಡಿದುದನ್ನು ನೀರಿಗೆ ಬಿಟ್ಟರೆ ಹಿಡಿದ ಶ್ರಮವೆಲ್ಲ ವ್ಯರ್ಥ.

ಒಂದು ಸಣ್ಣ ಡಬ್ಬಿಗೆ ಇಷ್ಟು ಮಾತೇಕೆಂದು ವಾಚಕರು ಕೇಳಬಹುದು. ಶಕ್ತಿಯನ್ನು ಹೆಚ್ಚಿಸುವ ಯಾವ ಉಪಾಯವೂ ಕೊಳೆಯನ್ನು ಕೂಡ ಹೆಚ್ಚಿಸುತ್ತದೆ. ಆ ಕೊಳೆ ಯಾರ ಪಾಲಿಗೆ ಬೀಳಬೇಕೆಂಬ ಪ್ರಶ್ನೆಯನ್ನು ಯಂತ್ರ ಬಿಡಿಸಲಾರದು, ಯಂತ್ರದ ಒಡೆಯನೇ ಬಿಡಿಸಬೇಕು. 1950ರ ದಶಕದ ಲಾಸ್ ಏಂಜಲೀಸಿನ ಜನ ಕಣ್ಣೀರು ಸುರಿಸಿ ಕಲಿತ ಪಾಠವನ್ನು ನಮ್ಮ ನಗರಗಳು ಇನ್ನೊಮ್ಮೆ ಅದೇ ಬೆಲೆ ತೆತ್ತು ಕಲಿಯಬೇಕಾಗಿಲ್ಲ. ನಾಳೆ ಎಂಜಿನಿಯರುಗಳಾಗುವ ವಿದ್ಯಾರ್ಥಿಗಳು ಯಾವುದೇ ಯಂತ್ರವನ್ನು ಕಂಡಾಗ, ಇದು ಎಷ್ಟು ಶಕ್ತಿ ಕೊಡುತ್ತದೆಂದು ಕೇಳುವ ಉಸಿರಿನಲ್ಲಿಯೇ, ಇದು ಬಿಡುವ ಉಸಿರು ಎಲ್ಲಿಗೆ ಹೋಗುತ್ತದೆಂದೂ ಕೇಳಬೇಕು. ನಳಿಗೆಯ ಕೊನೆಯವರೆಗೂ ಬೆರಳಿಟ್ಟು ಹಿಂಬಾಲಿಸಿದಲ್ಲದೆ ಆ ಯಂತ್ರವನ್ನು ತಾವು ಅರಿತೆವೆಂದು ಭಾವಿಸಬಾರದು.